ಓಡಲು ಬಿಡದ ಆಟಗಳು

2015ರ ಆಗಸ್ಟ್‌ನಲ್ಲಿ ಪ್ಲೇಸ್ಟೇಷನ್ 4ಕ್ಕೆ ‘ಎವ್ರಿಬಡೀಸ್ ಗಾನ್ ಟು ದಿ ರ‍್ಯಾಪ್ಚರ್’ ಎಂಬ ವಿಡಿಯೊ ಗೇಮ್ ಬಂತು. ಇಂಗ್ಲೆಂಡಿನ ಶ್ರಾಪ್‌ಶೈರ್ ಸೀಮೆಯಲ್ಲೊಂದು ಕಲ್ಪಿತ ಹಳ್ಳಿ, ಕಾಲ 1984. ಮನೆಗಳಿವೆ, ಚರ್ಚಿದೆ, ಪಬ್ಬಿದೆ, ರಸ್ತೆಯಲ್ಲಿ ಬಿಟ್ಟುಹೋದ ಕಾರುಗಳಿವೆ. ಜನ ಮಾತ್ರ ಒಬ್ಬರೂ ಇಲ್ಲ. ಊರಲ್ಲಿ ಅಲೆಯುವ ಬೆಳಕು ಮಾಯವಾದವರ ಕೊನೆಯ ದಿನಗಳ ಮಾತುಗಳನ್ನು ಅಲ್ಲಲ್ಲಿ ಕೇಳಿಸುತ್ತದೆ. ಆಡುವವರು ನಡೆಯಬೇಕು, ಕೇಳಿಸಿಕೊಳ್ಳಬೇಕು, ಆದದ್ದೇನೆಂದು ತಾವೇ ಹೊಂದಿಸಿಕೊಳ್ಳಬೇಕು. ಅಷ್ಟೆ. ಜೆಸಿಕಾ ಕರಿ ಸಂಯೋಜಿಸಿದ ಸಂಗೀತಕ್ಕೆ ಮರುವರ್ಷ ಬಾಫ್ಟಾ ಪ್ರಶಸ್ತಿ ಸಿಕ್ಕಿತು. ಆದರೆ ಆಟ ಬಿಡುಗಡೆಯಾದ ದಿನಗಳಲ್ಲಿ ಆಡಿದವರ ಬಾಯಲ್ಲಿ ಸಂಗೀತಕ್ಕಿಂತ ಹೆಚ್ಚಾಗಿ ಓಡಾಡಿದ್ದು ಒಂದು ದೂರು: ಈ ನಡಿಗೆ ಯಾಕಿಷ್ಟು ನಿಧಾನ?

ಆಗ ತಯಾರಕರಾದ ‘ದಿ ಚೈನೀಸ್ ರೂಮ್’ ಸಂಸ್ಥೆಯವರು ಒಂದು ಸಂಗತಿ ಹೊರಗೆಡವಿದರು. ವೇಗ ಹೆಚ್ಚಿಸುವ ಬಟನ್ ಆಟದಲ್ಲಿ ಮೊದಲಿಂದಲೂ ಇದೆ. ಕಂಟ್ರೋಲರಿನ ಆರ್2 ಒತ್ತಿ ಹಿಡಿದರೆ ನಡಿಗೆ ಮೆಲ್ಲಮೆಲ್ಲಗೆ ಚುರುಕಾಗುತ್ತದೆ. ಆದರೆ ಈ ವಿಷಯವನ್ನು ಆಟದೊಳಗೆ ಎಲ್ಲೂ ಹೇಳಿರಲಿಲ್ಲ! ಪೂರ್ತಿ ಆಡಿ, ಬೇಸತ್ತು, ವಿಮರ್ಶೆಯನ್ನೂ ಬರೆದು ಮುಗಿಸಿದ್ದವರ ಮುಖ ಆಗ ಹೇಗಿದ್ದಿರಬಹುದು!

‘ವಾಕಿಂಗ್ ಸಿಮ್ಯುಲೇಟರ್’ ಎಂದು ಕರೆಸಿಕೊಳ್ಳುವ ಆಟಗಳ ಸುತ್ತ ಹತ್ತು ಹದಿನೈದು ವರ್ಷಗಳಿಂದ ನಡೆದಿರುವ ಜಗಳ ಈ ಒಂದು ಪ್ರಸಂಗದಲ್ಲೇ ಕಾಣುತ್ತದೆ. ಗುಂಡು ಹಾರಿಸುವುದಿಲ್ಲ, ಅಂಕವಿಲ್ಲ, ಸೋಲಿಲ್ಲ. ಒಂದು ಜಾಗದಲ್ಲಿ ನಡೆದಾಡುತ್ತ ಕಥೆ ತಿಳಿಯುವುದೇ ಇವುಗಳಲ್ಲಿ ಆಟ. ಲೇವಡಿಗೆ ಹುಟ್ಟಿದ ಹೆಸರು ಈಗ ‘ಸ್ಟೀಮ್’ ಆನ್‌ಲೈನ್ ಅಂಗಡಿಯಲ್ಲಿ ಒಂದು ವಿಭಾಗದ ಹಣೆಪಟ್ಟಿಯಾಗಿದೆ. ಇವನ್ನು ಬೈಯುವವರು ‘ಇದು ಆಟವೇ ಅಲ್ಲ’ ಅನ್ನುತ್ತಾರೆ. ಮೆಚ್ಚುವವರು ‘ನಿಮಗೆ ತಾಳ್ಮೆಯಿಲ್ಲ, ಬಂದೂಕು ಕೊಟ್ಟರೆ ಮಾತ್ರ ಖುಷಿ’ ಎಂದು ತಿರುಗಿ ಹೇಳುತ್ತಾರೆ. ನಾನು ಮೆಚ್ಚುವವರ ಪಾಳೆಯದವನು. ಆದರೂ ಹೇಳಬೇಕಾದ ಮಾತೊಂದಿದೆ: ಬೈಯುವವರ ದೂರುಗಳು ನಮ್ಮ ಸಮರ್ಥನೆಗಳಿಗಿಂತ ಎಷ್ಟೋ ಪಾಲು ಖಚಿತವಾಗಿವೆ. ಅವರು ಎಲ್ಲಿ ಬೇಸತ್ತರು ಎಂದು ಬಿಡಿಸಿ ಕೇಳಿದರೆ ಈ ಆಟಗಳ ಕಸುಬಿನ ಬಗ್ಗೆ ಒಳ್ಳೆಯ ಪಾಠ ಸಿಗುತ್ತದೆ. ‘ನಿಮಗೆ ಅರ್ಥವಾಗಿಲ್ಲ ಬಿಡಿ’ ಎಂದು ತಳ್ಳಿಹಾಕಿದ ನಾವೇ ಆ ಪಾಠ ಕಳೆದುಕೊಂಡೆವು.

ಈ ಬಗೆಯ ಆಟ ಬಂದದ್ದು ಒಂದು ಸಂಶೋಧನೆಯಿಂದ. ಡ್ಯಾನ್ ಪಿಂಚ್‌ಬೆಕ್ ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತ ಶೂಟಿಂಗ್ ಆಟಗಳ ಮೇಲೆ ಅಧ್ಯಯನ ಮಾಡುತ್ತಿದ್ದರು. ಶೂಟಿಂಗ್ ಆಟದಿಂದ ಶೂಟಿಂಗನ್ನೇ ತೆಗೆದರೆ ಉಳಿಯುವುದೇನು ಎಂಬುದು ಅವರ ಪ್ರಶ್ನೆ. ‘ಹಾಫ್-ಲೈಫ್ 2’ ಎಂಬ ಜನಪ್ರಿಯ ಆಟವನ್ನೇ ಮಾರ್ಪಡಿಸಿ 2008ರಲ್ಲಿ ‘ಡಿಯರ್ ಎಸ್ತರ್’ ತಂದರು. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಹೆಬ್ರಿಡೀಸ್ ದ್ವೀಪಗಳಲ್ಲಿ ಒಂದು, ಯಾರೂ ಇಲ್ಲದ ತೀರ, ಎಸ್ತರ್ ಎಂಬ ಹೆಣ್ಣಿಗೆ ಒಬ್ಬ ಗಂಡಸು ಬರೆದ ಪತ್ರಗಳ ತುಣುಕುಗಳು. ಯಾವ ಜಾಗದಲ್ಲಿ ಯಾವ ತುಣುಕು ಕೇಳಿಸಬೇಕು ಎಂಬುದನ್ನು ಕಂಪ್ಯೂಟರು ಕೆಲವು ಪಾಠಾಂತರಗಳಿಂದ ಆರಿಸುತ್ತದೆ. ಹಾಗಾಗಿ ಇಬ್ಬರು ಆಡಿದರೆ ಇಬ್ಬರಿಗೂ ತುಸು ಬೇರೆ ಬೇರೆ ಕಥೆ. ಬಾಗಿಲು ತೆಗೆಯುವುದಿಲ್ಲ, ವಸ್ತು ಎತ್ತಿಕೊಳ್ಳುವುದಿಲ್ಲ, ನೆಗೆಯುವುದಿಲ್ಲ. ಕತ್ತಲಿಗೆ ಹೋದರೆ ಟಾರ್ಚ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ರಾಬರ್ಟ್ ಬ್ರಿಸ್ಕೊ ಎಂಬ ಕಲಾವಿದ ಆ ದ್ವೀಪವನ್ನು ಹೊಸದಾಗಿ ಕಟ್ಟಿದ ಮೇಲೆ 2012ರ ಫೆಬ್ರವರಿಯಲ್ಲಿ ಇದೇ ಆಟ ಮಾರಾಟಕ್ಕೆ ಬಂತು. ಮೊದಲ ದಿನವೇ 16 ಸಾವಿರಕ್ಕೂ ಹೆಚ್ಚು ಪ್ರತಿ ಖರ್ಚಾಗಿ, ಹೊರಗಿನಿಂದ ಪಡೆದ ಬಂಡವಾಳ ಆರು ಗಂಟೆಯೊಳಗೆ ವಾಪಸ್ ಬಂತು. ವಿಶ್ವವಿದ್ಯಾಲಯದ ಕೂಸಿಗೆ ಪೇಟೆಯಲ್ಲಿ ಗಿರಾಕಿ ಇದ್ದಾರೆಂದು ಗೊತ್ತಾದದ್ದು ಹೀಗೆ.

ವೇಷವಿಲ್ಲದೆ, ಕುಣಿತವಿಲ್ಲದೆ, ಕೂತಲ್ಲೇ ಮಾತಿನಲ್ಲಿ ಪ್ರಸಂಗ ನಡೆಸುವ ತಾಳಮದ್ದಳೆ ಕೇಳಿದವರಿಗೆ ಈ ಕಳೆಯುವ ಲೆಕ್ಕ ಹೊಸದಲ್ಲ. ಬಯಲಾಟದ ಆವೇಶ ನೆನೆದು ಹೋದವನಿಗೆ ತಾಳಮದ್ದಳೆಯಲ್ಲಿ ನಿದ್ದೆ ಬರುತ್ತದೆ. ಅರ್ಥಗಾರಿಕೆಗೆಂದೇ ಹೋದವನಿಗೆ ರಾತ್ರಿ ಸಾಲುವುದಿಲ್ಲ. ಆದರೆ ಕುಣಿತ ತೆಗೆದ ಮೇಲೆ ಎಲ್ಲ ಭಾರವೂ ಅರ್ಥಧಾರಿಯ ಮೇಲೆ ಬೀಳುತ್ತದೆ. ಅವನು ಸಪ್ಪೆಯಾದರೆ ಮರೆಮಾಚಲು ಕಿರೀಟವೂ ಇಲ್ಲ, ಚೆಂಡೆಯ ಅಬ್ಬರಕ್ಕೆ ತಕ್ಕ ಹೆಜ್ಜೆಯೂ ಇಲ್ಲ. ನಡೆಯುವ ಆಟಗಳ ಕಷ್ಟವೂ ಇದೇ.

‘ಡಿಯರ್ ಎಸ್ತರ್’ ಆಡಿದ ಅನೇಕರು ಹೇಳುವ ಒಂದು ದೂರು ನೋಡಿ. ದಾರಿ ಎರಡಾಗಿ ಒಡೆಯುತ್ತದೆ. ಒಂದರಲ್ಲಿ ಇಳಿದು ಸಮುದ್ರದ ದಂಡೆಗೆ ಹೋಗುತ್ತೀರಿ. ಅಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ಬಂದ ದಾರಿಯನ್ನೇ ಅದೇ ನಿಧಾನದಲ್ಲಿ ಮತ್ತೆ ಹತ್ತಬೇಕು. ಎರಡು ಸಲ ಹೀಗಾದ ಮೇಲೆ ಆಟಗಾರ ಕಲಿಯುವುದೇನು? ಪಕ್ಕದ ದಾರಿಗೆ ಕಾಲಿಡಬಾರದು, ನೆಟ್ಟಗೆ ಹೋಗಬೇಕು ಎಂದು. ‘ರ‍್ಯಾಪ್ಚರ್’ನಲ್ಲಿ ಇದು ಇನ್ನೂ ಜೋರು. ಅಲ್ಲಿ ಇಡೀ ಊರೇ ತೆರೆದಿದೆ, ಒಂದು ಮಾತುಕತೆ ತಪ್ಪಿಹೋದರೆ ಹಿಂದಕ್ಕೆ ನಡೆಯಬೇಕು. ಕುತೂಹಲವನ್ನೇ ನಂಬಿ ಕಟ್ಟಿದ ಆಟ ಕುತೂಹಲ ತೋರಿದವನಿಗೇ ದಂಡ ಹಾಕಿದಂತಾಯಿತು. ಹೀಗೆ ದೂರುವವನನ್ನು ತಾಳ್ಮೆಗೇಡಿ ಅನ್ನುವುದು ಅನ್ಯಾಯ. ಅವನು ಊರಿನ ಅಳತೆಗೂ ಕಾಲಿನ ವೇಗಕ್ಕೂ ಹೊಂದಿಕೆಯಾಗಿಲ್ಲ ಎನ್ನುತ್ತಿದ್ದಾನೆ. ತಲೆ ತೂಗಾಡುವ ಕ್ಯಾಮೆರಾದಿಂದ ಹೊಟ್ಟೆ ತೊಳಸುತ್ತದೆ ಎನ್ನುವವರೂ ಇದ್ದಾರೆ. ಅವರ ಜತೆ ಕಲೆಯ ಬಗ್ಗೆ ವಾದಿಸಿ ಪ್ರಯೋಜನವಿಲ್ಲ, ತೂಗಾಟ ನಿಲ್ಲಿಸುವ ಒಂದು ಸೆಟ್ಟಿಂಗ್ ಕೊಟ್ಟರೆ ಸಾಕು.

ಇದಕ್ಕಿಂತ ಕಹಿಯಾದ ಜಗಳ ನಡೆದದ್ದು ‘ಗಾನ್ ಹೋಮ್’ ಮೇಲೆ. ಅಮೆರಿಕದ ಪೋರ್ಟ್‌ಲೆಂಡಿನ ಫುಲ್‌ಬ್ರೈಟ್ ಎಂಬ ಸಣ್ಣ ತಂಡ ಮಾಡಿದ ಇದು 2013ರ ಆಗಸ್ಟ್‌ನಲ್ಲಿ ಬಂತು. ಕಥೆ 1995ರ ಜೂನಿನದು. ಯೂರೋಪ್ ಸುತ್ತಿ ನಡುರಾತ್ರಿ ಮನೆಗೆ ಬಂದ ಕೇಟಿಗೆ ಅಪ್ಪ, ಅಮ್ಮ, ತಂಗಿ ಯಾರೂ ಕಾಣುವುದಿಲ್ಲ. ಹೊರಗೆ ಗುಡುಗು ಮಳೆ, ಒಳಗೆ ಮಿಣಕುವ ದೀಪ, ಸ್ನಾನದ ತೊಟ್ಟಿಯಲ್ಲಿ ಕೆಂಪು ಕಲೆ. ದೆವ್ವದ ಕಥೆ ಎಂದುಕೊಂಡು ಹೆಜ್ಜೆಯಿಡುತ್ತೀರಿ. ಆದರೆ ಆ ಕೆಂಪು, ಕೂದಲಿಗೆ ಹಚ್ಚುವ ಬಣ್ಣ. ಡ್ರಾಯರು, ಚೀಟಿ, ಕ್ಯಾಸೆಟ್ಟು ತೆಗೆದು ನೋಡುತ್ತ ಹೋದಂತೆ ತಂಗಿ ಸ್ಯಾಮ್ ಇನ್ನೊಬ್ಬ ಹುಡುಗಿಯನ್ನು ಪ್ರೀತಿಸಿದ ಕಥೆ ಬಿಚ್ಚಿಕೊಳ್ಳುತ್ತದೆ. ವಿಮರ್ಶಕರು ತುಂಬ ಹೊಗಳಿದರು, ಆಟಗಾರರ ಅಂಕಗಳು ನೆಲಕಚ್ಚಿದವು. ಆ ಸಿಟ್ಟಿನ ಒಂದು ಪಾಲಿಗೂ ನಡಿಗೆಗೂ ಸಂಬಂಧವಿರಲಿಲ್ಲ. ಇಬ್ಬರು ಹುಡುಗಿಯರ ಪ್ರೀತಿಯನ್ನು ಸಹಿಸಲಾಗದವರು ‘ಇದು ಆಟವಲ್ಲ’ ಎಂಬ ಮಾತನ್ನು ಗುರಾಣಿ ಮಾಡಿಕೊಂಡರು. ಆ ಪಾಲನ್ನು ಬದಿಗಿಡೋಣ. ಉಳಿದ ಪಾಲು ಬೆಲೆಯದು: 20 ಡಾಲರ್ ಕೊಟ್ಟರೆ ಎರಡು ಗಂಟೆಯ ಆಟ. ಎಲ್ಲಿಗೆ ಹೋಗಬೇಕೆಂದು ಗೊತ್ತಿದ್ದವರು ಒಂದು ನಿಮಿಷದ ಆಸುಪಾಸಿನಲ್ಲೇ ಮುಗಿಸಿ ತೋರಿಸಿ ಗೇಲಿ ಮಾಡಿದರು.

ಗಂಟೆಗೆ ಇಷ್ಟು ರೊಕ್ಕ ಎಂಬ ಲೆಕ್ಕವನ್ನು ರಸಿಕರು ಹಳಿಯುತ್ತಾರೆ. ನಾನು ಹಳಿಯಲಾರೆ. ತಿಂಗಳಿಗೊಂದೇ ಆಟ ಕೊಳ್ಳಬಲ್ಲ ಹುಡುಗ ಮೂವತ್ತು ಗಂಟೆ ಆಡಿಸುವ ಆಟ ಹುಡುಕಿದರೆ ಅದು ಅರಸಿಕತನ ಹೇಗಾದೀತು? ಆದರೆ ನಿಮಿಷದಲ್ಲಿ ಮುಗಿಸಿ ತೋರಿಸಿದವರ ವಾದ ನಿಲ್ಲುವುದಿಲ್ಲ. ಅವರು ಬಿಟ್ಟುಹೋದದ್ದೇ ಆ ಆಟ. ಆ ಮನೆಯ ಅಪ್ಪ ಸೋತ ಕಾದಂಬರಿಕಾರ. ಅಮೆರಿಕದ ಅಧ್ಯಕ್ಷ ಕೆನಡಿಯ ಹತ್ಯೆ ತಪ್ಪಿಸಲು ಕಾಲದಲ್ಲಿ ಹಿಂದಕ್ಕೆ, 1963ಕ್ಕೆ ಹೋಗುವ ನಾಯಕನ ಕಥೆಗಳನ್ನೇ ಬರೆಯುತ್ತಾನೆ. ನೆಲಮಾಳಿಗೆಯ ಗೋಡೆಯಲ್ಲಿ ಆ ಅಪ್ಪ ಹುಡುಗನಾಗಿದ್ದಾಗಿನ ಎತ್ತರದ ಗುರುತುಗಳಿವೆ, ಅಲ್ಲೂ 1963 ಎಂಬ ಇಸವಿ. ಆ ಮನೆ ಆಗ ಅವನ ಸೋದರಮಾವನದು. ಅವನು ಕ್ಷಮೆ ಬೇಡಿ ಬರೆದ ಕಾಗದ ಇನ್ನೆಲ್ಲೋ ಇದೆ. ಆ ವರ್ಷ ಆ ಹುಡುಗನಿಗೆ ಏನಾಗಿರಬಹುದು ಎಂಬುದನ್ನು ಆಟ ಬಾಯಿಬಿಟ್ಟು ಹೇಳುವುದೇ ಇಲ್ಲ. ಮೂರನ್ನೂ ಕೂಡಿಸಿದವರಿಗೆ ಮೈ ಜುಂ ಎನ್ನುತ್ತದೆ. ಕೂಡಿಸದವರು ಆ ಅಪ್ಪನನ್ನು ಗಮನಿಸದೆಯೇ ಆಟ ಮುಗಿಸುತ್ತಾರೆ. ಇಲ್ಲಿ ಕೈಗೆ ಕೆಲಸ ಕಡಿಮೆ, ತಲೆಗೆ ಬೇಕಾದಷ್ಟಿದೆ. ಅದಕ್ಕೇ ಇದರ ನಿಧಾನ ನನಗೆ ಭಾರವೆನಿಸುವುದಿಲ್ಲ. ಕಣ್ಣಾಡಿಸಲು ಏನಾದರೂ ಇರುವ ಕೋಣೆಯಲ್ಲಿ ಯಾರೂ ಓಡಬೇಕೆಂದು ಬಯಸುವುದಿಲ್ಲ.

‘ಫೈರ್‌ವಾಚ್’ ಆಡಿದವರ ದೂರು ಇನ್ನೊಂದು ಬಗೆ. 2016ರ ಫೆಬ್ರವರಿಯಲ್ಲಿ ಬಂದ ಈ ಆಟ ವಯೋಮಿಂಗಿನ ಶೋಶೋನ್ ಕಾಡಿನದು, 1989ರ ಬೇಸಿಗೆಯದು. ಹೆಂಡತಿಗೆ ಚಿಕ್ಕ ವಯಸ್ಸಿಗೇ ಮರೆಗುಳಿತನದ ಕಾಯಿಲೆ. ಅದನ್ನು ಎದುರಿಸಲಾಗದ ಹೆನ್ರಿ ಕಾಡ್ಗಿಚ್ಚು ಕಾಯುವ ಕೆಲಸ ಹಿಡಿದು ಕಾವಲು ಗೋಪುರ ಸೇರುತ್ತಾನೆ. ಜತೆಗಿರುವುದು ವೈರ್‌ಲೆಸ್ಸಿನಲ್ಲಿ ಇನ್ನೊಂದು ಗೋಪುರದ ಡಿಲೈಲಾಳ ದನಿ ಮಾತ್ರ. ನಕ್ಷೆ, ದಿಕ್ಸೂಚಿ ಕೈಯಲ್ಲಿ ಹಿಡಿದು ದಾರಿ ಹುಡುಕಬೇಕು. ಅವಳ ಮಾತಿಗೆ ಉತ್ತರ ಆರಿಸಬೇಕು ಅಥವಾ ಸುಮ್ಮನಿರಬೇಕು. ಸುಮ್ಮನಿರುವುದೂ ಒಂದು ಉತ್ತರವೆಂದು ಆಟ ಲೆಕ್ಕಕ್ಕೆ ಹಿಡಿಯುತ್ತದೆ. ಮೊದಲ ತಿಂಗಳಲ್ಲೇ ಸುಮಾರು ಐದು ಲಕ್ಷ ಪ್ರತಿ ಹೋದವು. ಇಷ್ಟಪಟ್ಟವರೇ ಕೊನೆಗೆ ಮುನಿಸಿಕೊಂಡದ್ದು ವಿಶೇಷ. (ಹಳೆಯ ಆಟ, ಗುಟ್ಟು ಒಡೆಯುತ್ತಿದ್ದೇನೆ, ಆಡುವ ಮನಸ್ಸಿದ್ದವರು ಮುಂದಿನ ನಾಲ್ಕು ಸಾಲು ಬಿಡಿ.) ನಡುವೆ ಯಾರೋ ಇಬ್ಬರ ಮಾತನ್ನೂ ಕದ್ದು ಕೇಳುತ್ತಿದ್ದಾರೆ, ಬೇಲಿ ಹಾಕಿದ ಸಂಶೋಧನಾ ಕೇಂದ್ರವಿದೆ, ದೊಡ್ಡ ಸಂಚೇ ಇದೆ ಎಂಬ ಗುಮಾನಿ ಏರುತ್ತ ಹೋಗುತ್ತದೆ. ಕೊನೆಗೆ ಸಂಚೂ ಇಲ್ಲ, ಏನೂ ಇಲ್ಲ; ಮಗನನ್ನು ಕಳೆದುಕೊಂಡು ಮುಖ ತೋರಿಸಲಾಗದೆ ಕಾಡಲ್ಲಿ ಅಡಗಿದ ಒಬ್ಬ ಅಪ್ಪ. ಡಿಲೈಲಾ ಕೂಡ ಮುಖ ತೋರಿಸದೆ ಹೆಲಿಕಾಪ್ಟರ್ ಹತ್ತಿ ಹೋಗಿಬಿಡುತ್ತಾಳೆ. ‘ಇಷ್ಟೇನಾ?’ ಎಂದರು ಜನ. ತಪ್ಪಿಸಿಕೊಂಡು ಬಂದ ಹೆನ್ರಿಗೆ ಇನ್ನೊಬ್ಬ ತಪ್ಪಿಸಿಕೊಂಡವನು ಸಿಗುವುದು ಕಥೆಗೆ ಸರಿಯಾದ ಮುಕ್ತಾಯವೇ. ಆದರೂ ದೂರಿನ ಅರ್ಧ ನನಗೆ ಒಪ್ಪಿಗೆ: ನಡುವಿನ ಭಾಗದಲ್ಲಿ ಪತ್ತೇದಾರಿ ಕಾದಂಬರಿಯ ಉಸಿರು ತುಂಬಿದವರು ತಯಾರಕರೇ. ಹಸಿವು ಹುಟ್ಟಿಸಿದವರು ಅಷ್ಟು ದೊಡ್ಡ ಎಲೆ ಹಾಸಬಾರದಿತ್ತು.

ಇದೇ ಕಾಲದಲ್ಲಿ ಒಳಗಿನವರೇ ಈ ಜಾತಿಯನ್ನು ಗೇಲಿ ಮಾಡಿದ ಆಟವೂ ಇದೆ. ಡೇವಿ ರೆಡನ್ ಶುರುಮಾಡಿ, 2013ರಲ್ಲಿ ವಿಲಿಯಂ ಪ್ಯೂ ಜತೆಗೂಡಿ ಹಿಗ್ಗಿಸಿದ ‘ದಿ ಸ್ಟ್ಯಾನ್ಲಿ ಪ್ಯಾರಬಲ್’. ಕಚೇರಿಯೊಂದರ 427ನೆಯ ನೌಕರ ಸ್ಟ್ಯಾನ್ಲಿ ಎಡ ಬಾಗಿಲಿಗೆ ಹೋದ ಎಂದು ಸೂತ್ರಧಾರ ಹೇಳುತ್ತಾನೆ. ನೀವು ಬೇಕೆಂದೇ ಬಲ ಬಾಗಿಲಿಗೆ ಹೋದರೆ ಅವನು ಗೊಣಗುತ್ತಾನೆ, ರೇಗುತ್ತಾನೆ, ಗೋಗರೆಯುತ್ತಾನೆ. ಐದು ವರ್ಷ ಈ ಆಟವನ್ನು ಮುಟ್ಟದೆ ಇದ್ದರೆ ಅದಕ್ಕೂ ಒಂದು ಬಿರುದು ಕೊಡುತ್ತದೆ. ಕಥೆ ಹೇಳುವವನಿಗೂ ನಡೆಯುವವನಿಗೂ ಇರುವ ತಿಕ್ಕಾಟವನ್ನೇ ಇದು ಆಟವಾಗಿಸಿತು. ನಡೆಯುವ ಆಟ ಎಂದರೆ ಮೂಗು ಮುರಿಯುವವರೂ ಇದನ್ನು ನಕ್ಕು ಒಪ್ಪಿಕೊಂಡರು.

ಆದರೆ ‘ಕೈಗೆ ಕೆಲಸವಿಲ್ಲ’ ಎಂಬ ಮೂಲ ದೂರಿಗೆ ನಿಜವಾದ ಜವಾಬು ಕೊಟ್ಟದ್ದು 2017ರ ‘ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್’. ಇಯನ್ ಡಲಾಸ್ ನಿರ್ದೇಶನ, ಜೈಂಟ್ ಸ್ಪ್ಯಾರೋ ಸಂಸ್ಥೆಯದು. ವಾಷಿಂಗ್ಟನ್ ರಾಜ್ಯದ ಒಂದು ದ್ವೀಪದಲ್ಲಿ ಫಿಂಚ್ ಮನೆತನದ ಅಂಕುಡೊಂಕು ಮನೆ. ಆ ಮನೆತನದವರು ಒಬ್ಬೊಬ್ಬರಾಗಿ ವಿಚಿತ್ರ ಸಾವು ಕಂಡವರು. ಒಬ್ಬೊಬ್ಬರ ಕೋಣೆಗೆ ಹೋದಾಗಲೂ ಅವರ ಕೊನೆಯ ಗಳಿಗೆಯನ್ನು ನೀವೇ ಆಡಬೇಕು, ಪ್ರತಿ ಸಲವೂ ಬೇರೆ ರೀತಿಯಲ್ಲಿ. ಅದರಲ್ಲಿ ಲೂಯಿಸ್ ಎಂಬ ಹುಡುಗನ ಭಾಗ ಆಡಿದವರು ಅದನ್ನು ಮರೆತದ್ದಿಲ್ಲ. ಅವನು ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ನಿಮ್ಮ ಬಲಗೈ ಹೆಬ್ಬೆರಳು ಮೀನು ಎಳೆದು, ತಲೆ ಕತ್ತರಿಸಿ, ಆಚೆ ತಳ್ಳುತ್ತಲೇ ಇರಬೇಕು. ಅದೇ ಹೊತ್ತಿಗೆ ಎಡಗೈ ಹೆಬ್ಬೆರಳು ಅವನ ಹಗಲುಗನಸಿನೊಳಗೆ ಒಂದು ಪುಟ್ಟ ಆಕೃತಿಯನ್ನು ನಡೆಸಬೇಕು. ಕನಸು ಮೊದಲು ಪರದೆಯ ಮೂಲೆಯಲ್ಲಿರುತ್ತದೆ. ಬೆಳೆದು ಊರಾಗಿ, ನದಿಯಾಗಿ, ರಾಜ್ಯವಾಗಿ ಇಡೀ ಪರದೆಯನ್ನೇ ತುಂಬುತ್ತದೆ. ಬಲಗೈ ಮಾತ್ರ ಮೀನು ಕತ್ತರಿಸುವುದನ್ನು ಬಿಟ್ಟಿಲ್ಲ, ಅದು ನಿಮ್ಮ ಗಮನಕ್ಕೂ ಬರುತ್ತಿಲ್ಲ. ಮಾಡಿದ್ದೇ ಮಾಡುವ ದುಡಿಮೆಯಲ್ಲಿ ಮನಸ್ಸು ಹೇಗೆ ಕಳಚಿಕೊಳ್ಳುತ್ತದೆ ಎಂಬುದು ಓದಿ ತಿಳಿಯುವುದಕ್ಕೆ ಮೊದಲೇ ಹೆಬ್ಬೆರಳಿಗೆ ತಿಳಿದಿರುತ್ತದೆ. ಕತೆಗಾರನಾಗಲಿ ಸಿನಿಮಾದವನಾಗಲಿ ಇದನ್ನು ಹೀಗೆ ಮಾಡಲಾರ. 2018ರಲ್ಲಿ ಬಾಫ್ಟಾದವರು ವರ್ಷದ ಅತ್ಯುತ್ತಮ ಆಟವೆಂದು ಇದನ್ನೇ ಆರಿಸಿದರು. ಎರಡು ಗಂಟೆ ಚಿಲ್ಲರೆಯ ಆಟ. ಅವಧಿ ಸಾಲದು ಎಂದು ಇದರ ಬಗ್ಗೆ ದೂರಿದವರು ಕಡಿಮೆ. ನಡೆಯುವ ಆಟಗಳನ್ನು ಬೈಯುತ್ತಿದ್ದವರೂ ‘ಇದೊಂದನ್ನು ಬಿಟ್ಟು’ ಎಂದು ಸೇರಿಸತೊಡಗಿದರು.

ಅಂಥ ವಿನಾಯಿತಿಗಳು ಕೂಡುತ್ತ ಹೋದಾಗ ಜಗಳ ವಿಚಿತ್ರ ತಿರುವು ಪಡೆಯಿತು. 2019ರ ನವೆಂಬರಿನಲ್ಲಿ ಜಪಾನಿನ ಹಿಡಿಯೊ ಕೊಜಿಮಾ ‘ಡೆತ್ ಸ್ಟ್ರ್ಯಾಂಡಿಂಗ್’ ತಂದಾಗ, ಕೋಟಿಗಟ್ಟಲೆ ಖರ್ಚಿನ ಈ ಆಟವನ್ನೂ ಜನ ವಾಕಿಂಗ್ ಸಿಮ್ಯುಲೇಟರ್ ಎಂದು ಹಂಗಿಸಿದರು. ಹಾಳಾದ ಅಮೆರಿಕದಲ್ಲಿ ಬೆನ್ನ ಮೇಲೆ ಮೂಟೆ ಹೊತ್ತು ಊರಿಂದೂರಿಗೆ ಸಾಮಾನು ಮುಟ್ಟಿಸುವುದೇ ಇಲ್ಲಿ ಮುಖ್ಯ ಕೆಲಸ. ಆದರೆ ಇಲ್ಲಿ ನಡೆಯುವುದೇ ಕಷ್ಟ. ಮೂಟೆ ಎಡಕ್ಕೆ ವಾಲಿದರೆ ಬಲಕ್ಕೆ ಸಾವರಿಸಿಕೊಳ್ಳಬೇಕು, ಹೊಳೆಯ ಆಳ ನೋಡಿ ಇಳಿಯಬೇಕು, ಕಲ್ಲಿಗೆ ಎಡವಿದರೆ ಸಾಮಾನು ಚೆಲ್ಲಾಪಿಲ್ಲಿ. ನೀವು ಹಾಕಿದ ಏಣಿ, ಕಟ್ಟಿದ ಸೇತುವೆ ಕಾಣದ ಇನ್ನಾರದೋ ಆಟದಲ್ಲಿ ಮೂಡಿ ಅವರಿಗೆ ದಾರಿಯಾಗುತ್ತದೆ. ಕೆಲವರು ಹತ್ತು ಗಂಟೆಗೇ ಕೈಬಿಟ್ಟರು, ಕೆಲವರು ನೂರು ಗಂಟೆ ಹೊತ್ತರು. ನಾನು ಮೊದಲ ಗುಂಪಿನವನು. ಕಥೆಯನ್ನು ವಿವರಿಸುವ ಉದ್ದುದ್ದ ದೃಶ್ಯಗಳು ನನ್ನನ್ನು ದಣಿಸಿದವು, ನಡಿಗೆ ದಣಿಸಲಿಲ್ಲ.

ಇಷ್ಟರ ನಡುವೆ ಆಟ ಕಟ್ಟುವವರ ಹೊಟ್ಟೆಪಾಡು ಬೇರೆ ಕಥೆ. ಸ್ಟೀಮ್ 2015ರ ಜೂನಿನಲ್ಲಿ ರೀಫಂಡ್ ನಿಯಮ ತಂದಿತು: ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್. ಕೊಳ್ಳುವವರಿಗೆ ಇದು ನ್ಯಾಯ. ಆದರೆ ಒಂದೂಮುಕ್ಕಾಲು ಗಂಟೆಯಲ್ಲಿ ಮುಗಿಯುವ ಕಥೆಗೆ? ಮುಗಿಸಿ, ಮೆಚ್ಚಿ, ಹಣ ವಾಪಸ್ ಪಡೆಯಬಹುದು. ಯೂಟ್ಯೂಬಿನಲ್ಲಿ ಇನ್ನೊಬ್ಬರು ಆಡುವುದನ್ನು ನೋಡಿದರೂ ಕಥೆ ಗೊತ್ತಾಗುತ್ತದೆ. ಕ್ಯಾನ್ಸರಿನಿಂದ ತೀರಿಕೊಂಡ ಮಗನ ಬಗ್ಗೆ ಅಪ್ಪ ಅಮ್ಮನೇ ಸೇರಿ ಮಾಡಿದ ‘ದಟ್ ಡ್ರ್ಯಾಗನ್, ಕ್ಯಾನ್ಸರ್’ 2016ರಲ್ಲಿ ಬಂದಾಗ ಹಾಗೇ ಆಯಿತು; ನೋಡಿ ಅತ್ತವರು ಬಹಳ, ಕೊಂಡವರು ಕಡಿಮೆ ಎಂದು ಅವರೇ ಬರೆದುಕೊಂಡರು. ಬೆಲ್ಜಿಯಮ್ಮಿನ ಗೆಂಟ್ ನಗರದ ‘ಟೇಲ್ ಆಫ್ ಟೇಲ್ಸ್’ ಎಂಬ ದಂಪತಿ ತಂಡ 2008ರಲ್ಲೇ ಸ್ಮಶಾನದಲ್ಲಿ ಒಬ್ಬ ಅಜ್ಜಿ ಬೆಂಚಿನವರೆಗೆ ನಡೆದು ಕೂತು ಎದ್ದು ಬರುವ ಪುಟ್ಟ ಆಟ ಮಾಡಿತ್ತು. 2015ರ ‘ಸನ್‌ಸೆಟ್’ ನಾಲ್ಕು ಸಾವಿರ ಪ್ರತಿ ದಾಟಲು ಏದುಸಿರು ಬಿಟ್ಟಾಗ, ಮಾರಾಟಕ್ಕೆ ಆಟ ಮಾಡುವುದನ್ನೇ ಅವರು ಕೈಬಿಟ್ಟರು. ‘ರ‍್ಯಾಪ್ಚರ್’ ಮಾಡಿದ ಚೈನೀಸ್ ರೂಮ್ ಕೂಡ 2017ರಲ್ಲಿ ನೌಕರರನ್ನು ಮನೆಗೆ ಕಳಿಸಿತು. ಮರುವರ್ಷ ಬೇರೆ ಕಂಪನಿಯ ಕೈಸೇರಿತು.

ನಮ್ಮ ಕಡೆ ಈ ಆಟಗಳು ಹೆಚ್ಚು ಕಿವಿಗೆ ಬೀಳದಿರುವುದಕ್ಕೆ ಎಲ್ಲರೂ ಫೋನಿನಲ್ಲಿ ಆಡುವುದನ್ನು ಕಾರಣವಾಗಿ ಕೊಡುತ್ತಾರೆ. ಆದರೆ ‘ಗಾನ್ ಹೋಮ್’, ‘ಈಡಿತ್ ಫಿಂಚ್’ ಎರಡೂ ಐಫೋನಿಗೆ ಬಂದಾಗಿದೆ. ನನಗೆ ತೋರುವ ದೊಡ್ಡ ಅಡ್ಡಿ ಭಾಷೆ. ಬಿಜಿಎಮ್ಐಯಂಥ ಶೂಟಿಂಗ್ ಆಟ ಆಡಲು ಹಾವೇರಿಯ ಹುಡುಗನಿಗೆ ಇಂಗ್ಲಿಷ್ ಬೇಕಿಲ್ಲ. ಗುಂಡು ಎಲ್ಲಿಂದ ಬಂತೆಂದು ಗೊತ್ತಾದರೆ ಸಾಕು. ‘ಗಾನ್ ಹೋಮ್’ ಆಡಲು ತೊಂಬತ್ತರ ದಶಕದ ಅಮೆರಿಕದ ಹುಡುಗಿಯ ಕೂಡಕ್ಷರ ಓದಬೇಕು, ಅವಳ ಕೊಂಕು ಹಿಡಿಯಬೇಕು, ಕೆನಡಿ ಸತ್ತ ವರ್ಷ ನೆನಪಿರಬೇಕು. ಬೆರಳಿಗೆ ಸುಲಭವೆಂದು ಎಲ್ಲರಿಗೂ ಶಿಫಾರಸು ಮಾಡುವ ಆಟ ಓದಿನ ಲೆಕ್ಕದಲ್ಲಿ ಶೂಟಿಂಗ್ ಆಟಕ್ಕಿಂತ ಕಠಿಣ. ವಿದೇಶದ ಮೆಚ್ಚುಗೆಯ ಬರಹಗಳಲ್ಲಿ ಈ ಅಡ್ಡಿಯ ಮಾತು ಬರುವುದಿಲ್ಲ. ಬರೆಯುವವರಿಗೆ ಅದು ಎದುರಾಗಿಲ್ಲ. ಬೆರಳಿನ ಚುರುಕು ಇಳಿದ ವಯಸ್ಸಿನವರು, ಒಂದೂ ಆಟ ಮುಟ್ಟದ ಗೃಹಿಣಿಯರು, ಸೋಲಿನ ಭಯಕ್ಕೇ ದೂರವಿದ್ದವರು ಈ ಆಟಗಳಿಂದ ಒಳಗೆ ಬಂದರು ಎಂಬುದೂ ಅಷ್ಟೇ ನಿಜ. ಅಂಥವರಿಗೆ ಕನ್ನಡದಲ್ಲಿ ಒಂದು ಮನೆ, ಅದರ ಪೆಟ್ಟಿಗೆ, ಅದರೊಳಗೆ ಮಡಿಚಿಟ್ಟ ಇನ್‌ಲ್ಯಾಂಡ್ ಕಾಗದಗಳನ್ನು ಯಾರಾದರೂ ಕಟ್ಟಿಕೊಟ್ಟರೆ ‘ಇದು ಆಟವೇ?’ ಎಂಬ ಪ್ರಶ್ನೆ ಕೇಳುತ್ತ ಕೂರುತ್ತಾರೆಂದು ನನಗೆ ಅನ್ನಿಸುವುದಿಲ್ಲ.

ಸದ್ಯಕ್ಕೆ ಶುರುಮಾಡುವವರಿಗೆ ನನ್ನ ಸಲಹೆ ಕೇಳಿದರೆ, ‘ಡಿಯರ್ ಎಸ್ತರ್’ನಿಂದ ಶುರುಮಾಡಬೇಡಿ, ಇತಿಹಾಸಕ್ಕೆ ಅದು ಮೊದಲು, ರುಚಿ ಹತ್ತಲು ಅದು ಕೊನೆ. ‘ಈಡಿತ್ ಫಿಂಚ್’ ಕೊಳ್ಳಿ, ಹೆಡ್‌ಫೋನ್ ಹಾಕಿಕೊಂಡು ಒಂದೇ ಸಂಜೆ ಕೂತು ಮುಗಿಸಿ. ‘ರ‍್ಯಾಪ್ಚರ್’ಗೆ ಬಂದರೆ ಆರ್2 ಒತ್ತಿ ಹಿಡಿಯಿರಿ. ಸ್ಟೀಮಿನಲ್ಲಿ ಕೊಂಡ ಆಟ ಮುಕ್ಕಾಲು ಗಂಟೆಯಾದರೂ ಹಿಡಿಸಲಿಲ್ಲವೋ, ಸಂಕೋಚವಿಲ್ಲದೆ ವಾಪಸ್ ಕೊಟ್ಟುಬಿಡಿ. ಪೂರ್ತಿ ಮುಗಿಸಿ ಮೆಚ್ಚಿದ ಮೇಲೆ ಮಾತ್ರ ಹಾಗೆ ಮಾಡಬೇಡಿ.